ಪರರ ಮುಖ ನೋಡುವ ಪರವಾನಗಿ

ಪರರ ಮುಖವನ್ನು ದಿಟ್ಟಿಸಿ ನೋಡಬಾರದೆಂದು ಚಿಕ್ಕಂದಿನಲ್ಲಿ ಎಲ್ಲರ ಮನೆಯಲ್ಲೂ ಹೇಳಿಕೊಟ್ಟಿರುತ್ತಾರೆ. ಹೇಳಿಕೊಟ್ಟವರು ಮಾತ್ರ ಮದುವೆಮನೆಯಲ್ಲಿ ಮುಂದಿನ ಸಾಲಿನ ಕುರ್ಚಿ ಹಿಡಿದು, ಬೀಗರ ಕಡೆಯ ಒಂದೊಂದು ಮುಖವನ್ನೂ ತೂಗಿ, ಎರಡನೆಯ ಪಂಕ್ತಿ ಏಳುವುದರೊಳಗೆ ತೀರ್ಪು ಕೊಟ್ಟಿರುತ್ತಾರೆ. ಕೂಸು ಹುಟ್ಟಿದ ಮನೆಯಲ್ಲಂತೂ ಕೇಳುವುದೇ ಬೇಡ. ಇನ್ನೂ ಸರಿಯಾಗಿ ಕಣ್ಣು ಬಿಡದ ಜೀವದ ಮೂಗು ಯಾರ ಕಡೆಯದು, ಹಣೆ ಯಾರದು, ಗಲ್ಲದ ಗುಳಿ ಯಾವ ಸೋದರಮಾವನದು ಎಂದು ತೊಟ್ಟಿಲ ಸುತ್ತಲೇ ಆಸ್ತಿ ಪಾಲಾಗಿ ಹೋಗುತ್ತದೆ. ಮುಖ ನೋಡುವುದರಲ್ಲಿ ನಮಗಿರುವ ಆಸಕ್ತಿ ಸಣ್ಣದಲ್ಲ. ಕದ್ದು ನೋಡಬೇಕೆಂಬುದೊಂದೇ ಸಂಕಟ.

ಆದ್ದರಿಂದ, ಊರೂರು ಸುತ್ತುವ ಭಾವಚಿತ್ರ ಪ್ರದರ್ಶನವೊಂದು ಮೈಸೂರಿನ ಸಣ್ಣ ಗ್ಯಾಲರಿಯೊಂದಕ್ಕೆ ಬಂದಿದೆ, ಪ್ರವೇಶ ಉಚಿತ ಎಂದು ಪತ್ರಿಕೆಯ ಮೂಲೆಯಲ್ಲಿ ಓದಿದಾಗ ಹೋಗಲು ಎರಡನೆಯ ಕಾರಣ ಬೇಕಾಗಲಿಲ್ಲ. ಗೋಡೆಯ ತುಂಬ ಪರರ ಮುಖ. ಎಷ್ಟು ಹೊತ್ತು ನಿಂತು ನೋಡಿದರೂ ಅವರು ಸೆರಗು ಸರಿಪಡಿಸಿಕೊಳ್ಳುವುದಿಲ್ಲ, ಬಸ್ಸಿನಲ್ಲಾದಂತೆ ಕಿಟಕಿಯ ಕಡೆಗೆ ತಿರುಗುವುದಿಲ್ಲ, ಏನು ನೋಡುತ್ತಿದ್ದೀರಿ ಎಂದು ಗದರುವುದೂ ಇಲ್ಲ.

ಆದರೆ ಇಷ್ಟು ದೊಡ್ಡ ಸ್ವಾತಂತ್ರ್ಯ ಕೈಗೆ ಬಂದಾಗ ಮನುಷ್ಯ ಮೊದಲು ಮಾಡುವ ಕೆಲಸವೆಂದರೆ ಮುಖವನ್ನು ಬಿಟ್ಟು ಪಕ್ಕದ ಚೀಟಿಯನ್ನು ಓದುವುದು. ಬಂದವರೆಲ್ಲ ಚಿತ್ರದ ಮುಂದೆ ನಿಂತು, ಕತ್ತು ಬಲಕ್ಕೆ ಬಗ್ಗಿಸಿ, ‘ಕ್ಯಾನ್ವಾಸಿನ ಮೇಲೆ ತೈಲವರ್ಣ, 24 ಅಂಗುಲ × 30 ಅಂಗುಲ’ ಎಂಬುದನ್ನು ಭಕ್ತಿಯಿಂದ ಓದಿ, ಸಮಾಧಾನಪಟ್ಟು ಮುಂದಕ್ಕೆ ಹೋಗುತ್ತಿದ್ದರು. ಹೆಸರು ತಿಳಿಯದ ಮುಖವನ್ನು ನೋಡುವ ಧೈರ್ಯ ನಮಗಿಲ್ಲ. ಈ ಅಭ್ಯಾಸ ಹಳೆಯದೇ. ತಿರುಮಲದ ಮಹಾದ್ವಾರದ ಒಳಗೆ ಕೃಷ್ಣದೇವರಾಯನೂ ಅವನ ರಾಣಿಯರಾದ ತಿರುಮಲಾದೇವಿ, ಚಿನ್ನಾದೇವಿಯರೂ ಲೋಹದ ಪ್ರತಿಮೆಗಳಾಗಿ ಕೈಮುಗಿದು ನಿಂತಿದ್ದಾರಲ್ಲ, ಅವರ ಭುಜದ ಮೇಲೆಯೇ ಹೆಸರು ಕೊರೆದಿಟ್ಟಿದ್ದಾರೆ. ಅಂಥ ಚಕ್ರವರ್ತಿಗೇ ಚೀಟಿ ತಪ್ಪಲಿಲ್ಲ. ಈ ಗ್ಯಾಲರಿಯಲ್ಲಿ ಚೀಟಿ ಇದ್ದರೂ ಹೆಸರಿರಲಿಲ್ಲ. ‘ಮೀನು ಮಾರುವಾಕೆ’, ‘ನಿವೃತ್ತ ಮಾಸ್ತರರು’, ‘ಕಲಾವಿದನ ತಂಗಿ’ ಇಷ್ಟೇ. ಹೀಗಾದಾಗ ನಮ್ಮವರಿಗೆ ಉಳಿಯುವುದು ತೊಟ್ಟಿಲ ಸುತ್ತ ನಡೆಯುವ ಕೆಲಸ. ‘ನಿವೃತ್ತ ಮಾಸ್ತರರು’ ನಾನು ಅಲ್ಲಿದ್ದಷ್ಟು ಹೊತ್ತಿನಲ್ಲಿ ಒಬ್ಬರಿಗೆ ಚಿಕ್ಕಪ್ಪನಂತೆಯೂ ಇನ್ನೊಬ್ಬರಿಗೆ ಬ್ಯಾಂಕಿನ ಮ್ಯಾನೇಜರನಂತೆಯೂ ಕಂಡರು. ನನಗೆ ಗಣಿತ ಕಲಿಸಿದವರಂತೆ ಕಂಡು, ನಾನು ಆ ಚಿತ್ರದ ಮುಂದೆ ಹೆಚ್ಚು ನಿಲ್ಲಲಿಲ್ಲ.

ಇದಕ್ಕಿಂತ ದೊಡ್ಡ ತೊಡಕು ನಮ್ಮ ಮನೆಯ ಗೋಡೆಗಳು ಕಲಿಸಿದ್ದು. ನಮ್ಮಲ್ಲಿ ಒಬ್ಬರೇ ಇರುವ ದೊಡ್ಡ ಭಾವಚಿತ್ರ ಗೋಡೆಗೆ ಏರಿತೆಂದರೆ ಆ ವ್ಯಕ್ತಿ ಎಲ್ಲಿಗೆ ಹೋದರೆಂದು ಯಾರೂ ಕೇಳುವುದಿಲ್ಲ. ಬಾಗಿಲ ಮೇಲೆ, ಸೂರಿಗೆ ಹತ್ತಿರವಾಗಿ, ಮೊಳೆಗೆ ದಾರ ಉದ್ದ ಬಿಟ್ಟು ಮುಂದಕ್ಕೆ ವಾಲಿಸಿ ನೇತುಹಾಕಿರುತ್ತಾರೆ. ಹಿರಿಯರು ಹೋದ ಮೇಲೂ ನಮ್ಮನ್ನು ಬಗ್ಗಿ ನೋಡುತ್ತಲೇ ಇರಬೇಕು. ಗಾಜಿನ ಮೇಲೆ ಹಣೆಗೆ ಸರಿಯಾಗಿ ಕುಂಕುಮ, ಚೌಕಟ್ಟಿಗೆ ಗಂಧದ ಚಕ್ಕೆಯ ಹಾರ. ಗ್ಯಾಲರಿಯಲ್ಲಿ ಎಲ್ಲವೂ ತಿರುಗುಮುರುಗು. ಚಿತ್ರದ ನಡುಭಾಗ ನೆಲದಿಂದ ಸುಮಾರು 5 ಅಡಿಗೆ ಬರುವಂತೆ, ಗೋಡೆಗೆ ಒತ್ತಿ ನೆಟ್ಟಗೆ ತೂಗುಹಾಕುತ್ತಾರೆ. ಹಾರವಿಲ್ಲ, ಕುಂಕುಮವಿಲ್ಲ. ಬದುಕಿರುವ ಜನ, ನಮ್ಮ ಎತ್ತರಕ್ಕೇ ಇಳಿದು ನಿಂತು, ನೇರವಾಗಿ ನೋಡುತ್ತಾರೆ. ತಲೆಯೆತ್ತಿ ನಮಸ್ಕರಿಸಿ ರೂಢಿಯಿರುವ ಕತ್ತಿಗೆ ಏನು ಮಾಡಬೇಕೆಂದು ತೋಚುವುದಿಲ್ಲ. ನನ್ನ ಪಕ್ಕದಲ್ಲಿದ್ದ ಹಿರಿಯರೊಬ್ಬರು ಒಂದು ಚಿತ್ರದ ಮುಂದೆ ಚಪ್ಪಲಿ ಬಿಡಲು ಹೋಗಿ ಸಾವರಿಸಿಕೊಂಡರು.

ಹೋಲಿಕೆಯ ವಿಷಯದಲ್ಲೂ ಮನೆಯ ಗೋಡೆ ಬಹಳ ಉದಾರಿ. ನಮ್ಮ ತಾತ ಭಾವಚಿತ್ರದಲ್ಲಿ ಕರಿಯ ಕೋಟು ತೊಟ್ಟು, ಜರಿಯ ಪೇಟ ಸುತ್ತಿ, ದಿವಾನರ ಕಚೇರಿಗೆ ಹೊರಟವರಂತೆ ಕುಳಿತಿದ್ದಾರೆ. ಅವರು ಜನ್ಮದಲ್ಲಿ ಕೋಟಿಗೆ ತೋಳು ತೂರಿಸಿದವರಲ್ಲ. ಅವರು ತೀರಿಕೊಂಡ ಮೇಲೆ ಮನೆಯೆಲ್ಲ ತಡಕಾಡಿದಾಗ ಸಿಕ್ಕಿದ್ದು ಯಾರದೋ ಮದುವೆಯ ಗುಂಪಿನ ಫೋಟೊ, ಅದರಲ್ಲೂ ಹಿಂದಿನ ಸಾಲಿನಲ್ಲಿ ಎರಡು ಪೇಟಗಳ ಸಂದಿಯಿಂದ ಇಣುಕುವ ಮುಕ್ಕಾಲು ಮುಖ. ಸ್ಟುಡಿಯೋದವರು ಆ ಮುಖವನ್ನು ಎತ್ತಿ, ಹಿಗ್ಗಿಸಿ, ಕಾಣದ ಕಿವಿಯನ್ನು ಕಾಣುವ ಕಿವಿಯ ಪ್ರಕಾರ ಬರೆದು, ಕತ್ತಿನ ಕೆಳಗೆ ತಮ್ಮಲ್ಲಿ ಸಿದ್ಧವಿದ್ದ ಕೋಟನ್ನು ಕೂಡಿಸಿದರು. ಪಕ್ಕದಲ್ಲಿ ಅಜ್ಜಿ ಇರಲೇಬೇಕೆಂದು ಮನೆಯವರ ಹಟ. ಅಜ್ಜಿಯ ಫೋಟೊ ಅರುವತ್ತು ದಾಟಿದ ಮೇಲಿನದು, ತಾತನದು ಮೀಸೆ ಇನ್ನೂ ಕಪ್ಪಿದ್ದ ಕಾಲದ್ದು. ಒಟ್ಟಿಗೆ ಕೂಡಿಸಿದಾಗ ಗೊತ್ತಿಲ್ಲದವರು ತಾಯಿ ಮಗ ಎಂದುಕೊಳ್ಳುವಂತಾಯಿತು. ಆದರೂ ತಿಥಿಯ ದಿನ ಹೂವಿಡುವಾಗ ನಮ್ಮತ್ತೆ, ‘ಥೇಟ್ ಅಪ್ಪನೇ’ ಎಂದು ಕಣ್ಣೊರೆಸಿಕೊಳ್ಳುತ್ತಿದ್ದರು. ಚಿತ್ರಕಲೆಯ ವಿಮರ್ಶಕರು ಇದಕ್ಕೆ ಏನೆನ್ನುತ್ತಾರೋ. ಹೋಲಿಕೆ ಚಿತ್ರದಲ್ಲಿಲ್ಲದಿದ್ದರೆ ನೋಡುವವರೇ ತಂದುಕೊಂಡು ಹಚ್ಚಿಕೊಳ್ಳುತ್ತಾರೆ ಎಂಬುದಕ್ಕೆ ನಮ್ಮ ಮನೆಯ ಪಡಸಾಲೆಯೇ ಸಾಕ್ಷಿ.

ಗ್ಯಾಲರಿಯ ಮುಖಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಬ್ಬ ಮುದುಕಿ. ವೀಳ್ಯದ ಮೊಗ್ಗು ಬಾಯಿಯಲ್ಲಿಟ್ಟುಕೊಂಡು ಇನ್ನೂ ಅಗಿಯಲು ಶುರುಮಾಡದ ಕ್ಷಣ ಅದು. ಎಡಗೆನ್ನೆ ಒಂದಿಷ್ಟು ಉಬ್ಬಿದೆ. ಓಲೆಯ ಭಾರಕ್ಕೆ ಕಿವಿಯ ಹಾಲೆ ಇಳಿಬಿದ್ದು, ತೂತು ಸೀಳಿನಂತೆ ಉದ್ದವಾಗಿದೆ; ಓಲೆ ಮಾತ್ರ ಇಲ್ಲ. ಅದು ಮೊಮ್ಮಗಳ ಮದುವೆಗೆ ಹೋಯಿತೋ ಒತ್ತೆಗೆ ಹೋಯಿತೋ ಎಂದು ಚಿತ್ರಗಾರ ಹೇಳಿಲ್ಲ, ಆ ತೂತನ್ನು ಮಾತ್ರ ಬಹಳ ಶ್ರದ್ಧೆಯಿಂದ ಬರೆದಿದ್ದಾನೆ. ಹತ್ತಿರ ಹೋಗಿ ನೋಡಿದರೆ ಕೆನ್ನೆಯಲ್ಲಿ ಹಸಿರು ಬಣ್ಣವಿತ್ತು. ಅನುಮಾನವೇ ಇಲ್ಲ, ಬಾಳೆಯ ಸುಳಿಯ ತಿಳಿಹಸಿರು. ಹಣೆಯ ಪಕ್ಕದಲ್ಲಿ ನೀಲಿ, ಮೂಗಿನ ತುದಿಯಲ್ಲಿ ಇಟ್ಟಿಗೆಯ ಕೆಂಪು. ಎರಡು ಹೆಜ್ಜೆ ಹಿಂದಕ್ಕೆ ಬಂದರೆ ಹಸಿರೂ ಇಲ್ಲ, ನೀಲಿಯೂ ಇಲ್ಲ. ಬಿಸಿಲಲ್ಲಿ ಮಾಗಿದ ಚರ್ಮ. ನಾನು ಎಷ್ಟು ಸಲ ಮುಂದಕ್ಕೂ ಹಿಂದಕ್ಕೂ ಹೋಗಿಬಂದೆನೋ, ಕೊನೆಗೆ ಗ್ಯಾಲರಿಯ ಕಾವಲುಗಾರ ಕುರ್ಚಿಯಿಂದ ಎದ್ದು ನಿಂತ.

ಮುದುಕಿಯ ಕಣ್ಣು ನಾನು ಹೋದ ಕಡೆಗೆಲ್ಲ ಬರುತ್ತಿತ್ತು. ಇದನ್ನು ಪವಾಡವೆಂದು ಹೇಳಿ ಬದುಕುವ ಗೈಡುಗಳು ನಮ್ಮ ಅರಮನೆ ಊರಿನಲ್ಲಿ ಬೇಕಾದಷ್ಟು ಇದ್ದಾರೆ. ಇದರ ಗುಟ್ಟು ಸುಲಭದ್ದು. ಚಪ್ಪಟೆಯಾದ ಚಿತ್ರದಲ್ಲಿ ಪಾಪೆಯನ್ನು ಕಣ್ಣಿನ ನಡುವೆ ಬರೆದರೆ ನೀವು ಯಾವ ಮಗ್ಗುಲಿಂದ ನೋಡಿದರೂ ಅದು ನಡುವೆಯೇ ಇರುತ್ತದೆ. ಶಿಲ್ಪದಲ್ಲಾದರೆ ಪಕ್ಕಕ್ಕೆ ಸರಿದೊಡನೆ ಮೂಗು ಅಡ್ಡ ಬಂದು ಆಟ ಮುಗಿಯುತ್ತದೆ. ಆದರೆ ಗುಟ್ಟು ತಿಳಿದರೂ ಬೆನ್ನ ಹಿಂದಿನ ಕಚಗುಳಿ ನಿಲ್ಲುವುದಿಲ್ಲ.

ಜಗನ್ಮೋಹನ ಅರಮನೆಯ ದೀಪದ ಹೆಂಗಸಿನ ಚಿತ್ರದ ಮುಂದೆಯೂ ಹೀಗೆಯೇ. ಪರದೆ ಎಳೆದು ಕೋಣೆ ಕತ್ತಲಾದೊಡನೆ ಅವಳ ಬೆರಳುಗಳ ಸಂದಿಯಿಂದ ಬೆಳಕು ಸೋರಿ ಮುಖಕ್ಕೆ ಬಡಿಯುತ್ತದೆ. ಶಾಲೆಯ ಪ್ರವಾಸಕ್ಕೆ ಬಂದ ಮಕ್ಕಳು ಒಟ್ಟಿಗೆ ‘ಓ’ ಎನ್ನುತ್ತಾರೆ. ಚಿತ್ರ ರವಿವರ್ಮನದು ಎಂದು ಅರ್ಧ ಮೈಸೂರು ನಂಬಿದೆ. ರವಿವರ್ಮ 1906ರಲ್ಲೇ ತೀರಿಕೊಂಡ. ದೀಪದ ಹೆಂಗಸನ್ನು 1940ರ ದಶಕದಲ್ಲಿ ಬರೆದವರು ಸಾವಂತವಾಡಿಯಲ್ಲಿ ಹುಟ್ಟಿದ ಎಸ್. ಎಲ್. ಹಲದಣಕರ್, ಅದೂ ಜಲವರ್ಣದಲ್ಲಿ. ದೀಪ ಹಿಡಿದು ನಿಂತವಳು ಅವರ ಮಗಳು ಗೀತಾ. ಬೇರೆಯವರ ಮಗಳನ್ನು ಗಂಟೆಗಟ್ಟಲೆ ಎಣ್ಣೆದೀಪದ ಮುಂದೆ ನಿಲ್ಲಿಸಲು ಯಾರು ಒಪ್ಪುತ್ತಾರೆ? ಭಾವಚಿತ್ರಗಾರರ ಮನೆಯಲ್ಲಿ ಹುಟ್ಟಿದವರಿಗೆ ಈ ತೊಂದರೆ ತಪ್ಪಿದ್ದಲ್ಲ. ಮನೆಯವರೂ ಓಡಿಹೋದಾಗ ಅವರು ಕನ್ನಡಿಯ ಮುಂದೆ ಕೂರುತ್ತಾರೆ. ನಮ್ಮ ಪ್ರದರ್ಶನದಲ್ಲಿದ್ದ ಸ್ವಂತ ಭಾವಚಿತ್ರಗಳ ಸಾಲಿನಲ್ಲಿ ಪ್ರತಿಯೊಬ್ಬರೂ ಸಾಲ ವಸೂಲಿಗೆ ಬಂದವರಂತೆ ಹುಬ್ಬು ಗಂಟಿಕ್ಕಿದ್ದರು. ಅದು ಸ್ವಭಾವವಲ್ಲ, ಕನ್ನಡಿಯಲ್ಲಿ ತಮ್ಮ ಮೂಗಿನ ನೆರಳನ್ನು ಅಳೆಯುವಾಗ ಬರುವ ಮುಖ.

ಮುಖ ತೋರಿಸಲು ಕೂರುವವರಿಗೆ ಅವರದೇ ಲೆಕ್ಕಾಚಾರಗಳೂ ಇರುತ್ತವೆ. ಟಿಪ್ಪುವಿನ ಪತನದ ನಂತರ ಶ್ರೀರಂಗಪಟ್ಟಣಕ್ಕೆ ಬಂದ ಐರಿಷ್ ಚಿತ್ರಗಾರ ಥಾಮಸ್ ಹಿಕ್ಕಿ ಬರೆದನೆಂದು ಹೇಳುವ, ಸುಮಾರು 1805ರ ಒಂದು ಚಿತ್ರವಿದೆ. ಮೈಸೂರು ಅರಮನೆಯ ಮೂವರು ಹೆಂಗಸರು. ಬಲಗಡೆಯವಳು ಸೆರಗನ್ನು ಸರಿಸಿ ತನ್ನ ತೋಳಿನ ಕಡೆಗೆ ಕೈ ಮಾಡಿದ್ದಾಳೆ. ಅಂತಃಪುರದ ಹೆಂಗಸೊಬ್ಬಳು ಪರದೇಶಿಯ ಮುಂದೆ ಹೀಗೇಕೆ ನಿಂತಳು? ಅವಳು ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿ, ತೋರಿಸುತ್ತಿರುವುದು ಸಿಡುಬಿನ ಲಸಿಕೆ ಹಾಕಿಸಿಕೊಂಡ ಜಾಗವನ್ನು, ನಡುವೆ ನಿಂತವರು ಲಸಿಕೆಗೆ ಒತ್ತಾಸೆಯಾಗಿದ್ದ ಲಕ್ಷ್ಮಮ್ಮಣ್ಣಿ ಎಂದು ಇತಿಹಾಸಕಾರ ನೈಜೆಲ್ ಚಾನ್ಸಲರ್ ವಾದಿಸಿದ್ದಾರೆ. ಜೆನ್ನರನ ಲಸಿಕೆ ಇಂಡಿಯಾಕ್ಕೆ ಬಂದು ಆಗಿನ್ನೂ ಕೆಲವೇ ವರ್ಷ. ಹಸುವಿನ ಕಾಯಿಲೆಯ ಕೀವನ್ನು ಮೈಗೆ ಚುಚ್ಚಿಸಿಕೊಳ್ಳಲು ಜನ ಹೆದರುತ್ತಿದ್ದ ಕಾಲ. ರಾಣಿಯೇ ಚುಚ್ಚಿಸಿಕೊಂಡ ಮೇಲೆ ನಮ್ಮದೇನು ಎನ್ನಲಿ ಎಂದು ಬರೆಸಿದ ಚಿತ್ರ ಎಂಬುದು ಅವರ ಊಹೆ. ನಾನು ಅದನ್ನು ಅಚ್ಚಿನಲ್ಲಿ ಮಾತ್ರ ನೋಡಿದ್ದೇನೆ. ಅಂದಿನಿಂದ ಯಾವ ಭಾವಚಿತ್ರ ನೋಡಿದರೂ ಮೊದಲು ಕೈ ಎಲ್ಲಿದೆ ಎಂದು ಹುಡುಕುವ ಚಟ ಅಂಟಿಕೊಂಡಿದೆ. ಮುಖವನ್ನು ಯಾರು ಬೇಕಾದರೂ ಸಂಭಾಳಿಸಿಕೊಳ್ಳಬಹುದು. ಕೈಯನ್ನು ಎಲ್ಲಿಡಬೇಕೆಂದು ರಾಜಮನೆತನದವರಿಗೂ ತಿಳಿಯುವುದಿಲ್ಲ. ‘ನಿವೃತ್ತ ಮಾಸ್ತರರು’ ಬಲಗೈಯ ಹೆಬ್ಬೆರಳು, ತೋರುಬೆರಳುಗಳನ್ನು ಒಂದಕ್ಕೊಂದು ಒತ್ತಿ ಹಿಡಿದಿದ್ದರು. ಸೀಮೆಸುಣ್ಣ ಬಿಟ್ಟುಹೋದ ಬೆರಳುಗಳು.

ಮಧ್ಯಾಹ್ನ ಜನ ಕರಗಿದ ಮೇಲೆ ಕಾವಲುಗಾರ ಮಾತಿಗೆ ಸಿಕ್ಕಿದ. ಚಿತ್ರಗಳು ಬಂದದ್ದು ಪ್ಲೈವುಡ್ ಪೆಟ್ಟಿಗೆಗಳಲ್ಲಿ, ಇಲ್ಲಿಂದ ಧಾರವಾಡಕ್ಕೆ ಎಂದು ಹೇಳಿದ. ಹಿಂದೆ ನಾಟಕ ಕಂಪನಿಗಳು ಪರದೆ, ಸಿಂಹಾಸನ, ರಾಜ, ರಾಕ್ಷಸ ಎಲ್ಲವನ್ನೂ ಕಟ್ಟಿಕೊಂಡು ಊರಿಂದೂರಿಗೆ ಕ್ಯಾಂಪು ಹಾಕುತ್ತಿದ್ದಂತೆ ಈ ಮಂದಿಯೂ ಮುಖಕ್ಕೆ ಮುಖ ತಾಗದಂತೆ ಗುಳ್ಳೆ ಪ್ಲಾಸ್ಟಿಕ್ ಸುತ್ತಿಕೊಂಡು ಹೊರಡುತ್ತಾರೆ. ದಿನವೆಲ್ಲ ಇವರ ಜೊತೆ ಕೂರುವುದು ಹೇಗಿದೆ ಎಂದು ಕೇಳಿದೆ. ಎದುರಿನ ಗೋಡೆಯಲ್ಲಿ ಹಲ್ಲು ಬಿಟ್ಟು ನಗುವ ತರುಣನ ಚಿತ್ರವೊಂದಿತ್ತು. ಬಂದವರೆಲ್ಲ ಮೊಬೈಲಿನಲ್ಲಿ ಸೆರೆಹಿಡಿದದ್ದು ಅದನ್ನೇ. ಕಾವಲುಗಾರನ ಕುರ್ಚಿ ಮೊದಲು ಅದರ ಮುಂದೆಯೇ ಇತ್ತಂತೆ. ‘ಒಂದು ಗಂಟೆ ಚೆನ್ನಾಗಿತ್ತು ಸ್ವಾಮಿ. ಆಮೇಲೆ ಏಕೆ ನಗುತ್ತಾನೆ ಎಂದು ಸಿಟ್ಟು ಬರಲು ಶುರುವಾಯಿತು. ಕುರ್ಚಿಯನ್ನು ಅಜ್ಜಿಯ ಮುಂದಕ್ಕೆ ಎಳೆದುಕೊಂಡೆ. ಆಕೆ ಏನೂ ಕೇಳುವುದಿಲ್ಲ’ ಎಂದ. ದೊಡ್ಡ ಚಿತ್ರಗಾರರು ನಗುವ ಮುಖವನ್ನು ಏಕೆ ಅಷ್ಟು ಅಪರೂಪವಾಗಿ ಬರೆದರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆಯನ್ನು ನಾನು ಎಲ್ಲೂ ಓದಿಲ್ಲ.

ನಾನು ಹೊರಡುವ ಹೊತ್ತಿಗೆ ಮುದುಕಿಯ ಮುಂದೆ ಒಬ್ಬ ದಂಪತಿ ನಿಂತಿದ್ದರು. ಗಂಡನ ಕೈಯಲ್ಲಿ ಬೆಲೆಯ ಪಟ್ಟಿ. ಹೊಸ ಮನೆ ಕಟ್ಟಿಸಿದ್ದಾರೆಂದು ಮಾತಿನಿಂದಲೇ ತಿಳಿಯುತ್ತಿತ್ತು. ಬೆಲೆ ಹೆಚ್ಚಲ್ಲ, ಹಾಲಿನ ಗೋಡೆಗೆ ಅಳತೆಯೂ ಸರಿಹೋಗುತ್ತದೆ ಎಂದು ಅವರ ವಾದ.

‘ಬಂದವರು ಇವರು ಯಾರು ಎಂದು ಕೇಳಿದರೆ?’ ಎಂದರು ಹೆಂಡತಿ.

‘ಪೇಂಟಿಂಗ್ ಎಂದರಾಯಿತು.’

‘ನಿಮ್ಮ ಅಕ್ಕ ಒಪ್ಪುತ್ತಾರೆಯೆ? ನನ್ನ ಕಡೆಯ ಅಜ್ಜಿಯನ್ನು ತಂದು ಕೂರಿಸಿ, ನಿಮ್ಮ ತಾಯಿಯನ್ನು ಒಳಗಿನ ಕೋಣೆಗೆ ಸಾಗಿಸಿದೆ ಎನ್ನುತ್ತಾರೆ.’

ಗಂಡ ಪಟ್ಟಿಯನ್ನು ಮಡಿಸಿದರು. ಬಾಗಿಲ ಬಳಿಯ ಮೇಜಿನಲ್ಲಿ ಕುಳಿತಿದ್ದ ಹುಡುಗಿ ಅದೇ ಕಲಾವಿದರು ಪ್ರಕೃತಿ ದೃಶ್ಯಗಳನ್ನೂ ಬರೆಯುತ್ತಾರೆಂದು ಹೇಳಿ, ಕಾವೇರಿಯ ಒಂದು ದಡವನ್ನು ಮೊಬೈಲಿನಲ್ಲಿ ತೋರಿಸಿದಳು. ಇಬ್ಬರೂ ಒಟ್ಟಿಗೆ ಬಗ್ಗಿ ನೋಡಿದರು. ನದಿಯನ್ನು ಯಾರ ಕಡೆಯದು ಎಂದು ಕೇಳುವವರಿಲ್ಲ.