ಎಕ್ಸ್‌ರೇ ನಾರ್ಮಲ್, ಕಾಲು ಮಾತ್ರ ಊರಕ್ಕಾಗಲ್ಲ

"ಎಕ್ಸ್‌ರೇಲಿ ಏನೂ ಇಲ್ಲ, ಉಳುಕಿರಬೇಕು, ಕ್ರೇಪ್ ಬ್ಯಾಂಡೇಜ್ ಸುತ್ತಿಕೊಳ್ಳಿ." ನಮ್ಮ ಚಿಕ್ಕಮಗಳೂರಿನ ತೋಟಗಳ ಕಡೆ ಪಾದದ ಗಂಟು ನೋವು ಅಂತ ಹೋದವರು ಈ ಮಾತು ಕೇಳಿಕೊಂಡು ವಾಪಸ್ ಬರುತ್ತಾರೆ. ಹೆಚ್ಚಿನವರ ವಿಷಯದಲ್ಲಿ ಅದು ಸರಿಯೇ. ಇಳಿಜಾರಿನಲ್ಲಿ ಕಾಲು ಹೊರಳುತ್ತದೆ, ಮೂಳೆಗೆ ಮೂಳೆ ಬಿಗಿದಿಡುವ ಲಿಗಮೆಂಟ್ ಎಳೆದುಕೊಳ್ಳುತ್ತದೆ, ಕೆಲವು ವಾರಗಳಲ್ಲಿ ವಾಸಿಯಾಗುತ್ತದೆ.

ನನ್ನ ತಕರಾರು ತಿಂಗಳುಗಟ್ಟಲೆ ವಾಸಿಯಾಗದ ಕಾಲಿನ ಬಗ್ಗೆ. ಆಗಲೂ ಅದೇ ಹಳೇ ಎಕ್ಸ್‌ರೇ ಹಿಡಿದು "ನಾರ್ಮಲ್" ಅಂದುಬಿಡುತ್ತಾರೆ. ಕೂಲಿಯವರಾದರೆ ಮುಗಿಯಿತು, ಮೇಸ್ತ್ರಿಯ ಲೆಕ್ಕದಲ್ಲಿ ಅದು ಸುಮ್ನೆ ನೆಪ.

ಎಕ್ಸ್‌ರೇ ಮೂಳೆಯನ್ನು ತೋರಿಸುತ್ತದೆ, ಅದೂ ಪೂರ್ತಿಯಲ್ಲ. ದಿನವಿಡೀ ಏಣಿ ಹತ್ತಿಳಿದು ಮೆಣಸು ಕೊಯ್ಯುವವರ ಪಾದದ ಮೂಳೆಯಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟರೆ, ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಕಾಣದೇ ಹೋಗಬಹುದು. ಎಂಆರ್‌ಐಯಲ್ಲಿ ಬೇಗ ಗೊತ್ತಾಗುತ್ತದೆ. (ಅಂಥ ಕಾಲಿಗೆ ಎಣ್ಣೆ ಹಚ್ಚಿ ಗಟ್ಟಿಯಾಗಿ ನೀವುವವರನ್ನು ನೆನೆದರೆ ನನಗೇ ನೋವಾಗುತ್ತದೆ.) ಹಳೇ ಉಳುಕಿನಲ್ಲಿ ಪಾದದ ಗಂಟಿನೊಳಗಿನ ಟೇಲಸ್ ಅನ್ನುವ ಮೂಳೆಯ ಮೇಲಿನ ಮೃದ್ವಸ್ಥಿ (ಮೂಳೆಯ ತುದಿಗೆ ಹೊದಿಸಿದ ನುಣುಪು ಪದರ) ಒಂದು ಚೂರು ಮೂಳೆಯ ಸಮೇತ ಏಟು ತಿಂದಿದ್ದರೂ ಹೀಗೇ, ಎಕ್ಸ್‌ರೇ ಎಷ್ಟೋ ಸಲ ಸುಳಿವು ಕೊಡುವುದಿಲ್ಲ.

ಹಾಗಂತ ಎಲ್ಲರೂ ಹಾಸನಕ್ಕೋ ಮಂಗಳೂರಿಗೋ ಓಡಿ ಎಂಆರ್‌ಐ ಮಾಡಿಸಿ ಅಂತ ನಾನು ಹೇಳುತ್ತಿಲ್ಲ. ಜಾಸ್ತಿ ದುಡ್ಡಿನ ಸ್ಕ್ಯಾನ್ ಅಂದರೆ ಜಾಸ್ತಿ ಒಳ್ಳೆಯ ಸ್ಕ್ಯಾನ್ ಅನ್ನುವ ನಂಬಿಕೆಯೂ ಅಷ್ಟೇ ತಪ್ಪು. ಆಸ್ಟಿಯಾಯ್ಡ್ ಆಸ್ಟಿಯೋಮಾ ಅಂತ ಒಂದು ಸಣ್ಣ ಗಡ್ಡೆ ಇದೆ. ಕ್ಯಾನ್ಸರ್ ಅಲ್ಲ. ಹೆಚ್ಚಾಗಿ ಹದಿಹರೆಯದವರಲ್ಲಿ, ಎಳೆ ಪ್ರಾಯದವರಲ್ಲಿ ಬರುತ್ತದೆ, ಅಪರೂಪಕ್ಕೆ ಪಾದದ ಗಂಟಿನ ಮೂಳೆಯಲ್ಲೂ. ರಾತ್ರಿ ನಿದ್ದೆ ಕೆಡಿಸುವಷ್ಟು ನೋವು, ಆಸ್ಪಿರಿನ್‌ನಂಥ ಮಾತ್ರೆಗೆ ಚೆನ್ನಾಗಿ ತಗ್ಗುತ್ತದೆ. ಇದರ ತಿರುಳು ಸಾಮಾನ್ಯವಾಗಿ ಒಂದೂವರೆ ಸೆಂಟಿಮೀಟರ್‌ಗಿಂತ ಚಿಕ್ಕದು. ಎಂಆರ್‌ಐಯಲ್ಲಿ ಸುತ್ತಲಿನ ಊತವೇ ಎದ್ದು ಕಂಡು ತಿರುಳು ಅದರೊಳಗೆ ಮುಚ್ಚಿಹೋಗಬಹುದು. ತೆಳು ಪದರದ ಸಿಟಿ ಸ್ಕ್ಯಾನ್‌ನಲ್ಲಿ ಸ್ಪಷ್ಟವಾಗಿ ಸಿಗುತ್ತದೆ. ಸಿಟಿ ನೋಡಿಕೊಂಡೇ ಸೂಜಿ ಇಳಿಸಿ ಅದನ್ನು ಸುಟ್ಟು ಗುಣ ಮಾಡುವ ಚಿಕಿತ್ಸೆಯೂ ಇದೆ.

ಪದೇ ಪದೇ ಕಾಲು ಉಳುಕಿಸಿಕೊಳ್ಳುವ, ಪಾದ ಚಪ್ಪಟೆಯಾಗಿ ಬಿಗಿದುಕೊಂಡಿರುವ ಮಕ್ಕಳಲ್ಲಿ ಹುಟ್ಟಿನಿಂದಲೇ ಎರಡು ಮೂಳೆ ಅಂಟಿಕೊಂಡಿರಬಹುದು. ಅದಕ್ಕೂ ಸಿಟಿ ಒಳ್ಳೆಯದು. ಪಾದದ ಹೊರಗಂಟಿನ ಹಿಂದೆ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) "ಟಕ್" ಅಂತ ಜಾರುತ್ತಿದ್ದರೆ ಅಲ್ಟ್ರಾಸೌಂಡ್ ಸಾಕಾಗಬಹುದು, ಕಾಲು ಆಡಿಸುತ್ತಲೇ ನೋಡಬಹುದು. ಎಂಆರ್‌ಐ ಯಂತ್ರದೊಳಗೆ ಕಾಲು ಅಲ್ಲಾಡಿಸದೆ ಮಲಗಿರಬೇಕು, ಜಾರುವುದು ಕಾಣುವುದಾದರೂ ಹೇಗೆ, ಅಲ್ವಾ?

ಯಾವ ಸ್ಕ್ಯಾನ್ ಅನ್ನುವುದು ಮೊದಲು ತೀರ್ಮಾನವಾಗಬೇಕಾದದ್ದು ಡಾಕ್ಟರ ಬೆರಳಿನಲ್ಲಿ. ಎಲ್ಲಿ ಒತ್ತಿದರೆ ನೋವು, ರಾತ್ರಿ ಬರುತ್ತದಾ, ಏಟು ಬಿದ್ದಿತ್ತಾ? ಏಟೇ ಬೀಳದೆ ನಿಧಾನವಾಗಿ ಊದಿಕೊಂಡ ಗಂಟಾದರೆ ನಮ್ಮ ದೇಶದಲ್ಲಿ ಕ್ಷಯವನ್ನೂ ನೆನೆಯಲೇಬೇಕು. ಅಲ್ಲಿ ಸ್ಕ್ಯಾನ್ ಅನುಮಾನ ಹುಟ್ಟಿಸಬಲ್ಲದು ಅಷ್ಟೇ, ಖಾತ್ರಿಯಾಗಲು ಒಳಗಿನ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು.

ಸ್ಕ್ಯಾನ್ ಚೀಟಿಯಲ್ಲಿ ಬರೀ "ಕಾಲು ನೋವು" ಅಂತ ಇದ್ದರೆ ಅಲ್ಲಿಂದ ಎದ್ದು ಬರಬೇಡಿ. "ಸಾರ್, ಎಲ್ಲಿ ನೋವು, ಎಷ್ಟು ದಿನದಿಂದ, ನಿಮಗೆ ಏನು ಅನುಮಾನ ಅಂತ ಇದರಲ್ಲಿ ಬರೆದುಕೊಡಿ" ಅಂತ ಕೇಳಿ. ಫಿಲಂ ಓದುವ ರೇಡಿಯಾಲಜಿಸ್ಟ್ ನಿಮ್ಮ ಮುಖ ನೋಡಿರುವುದಿಲ್ಲ, ಅವರ ಕೈಗೆ ಸಿಗುವುದು ಆ ಚೀಟಿಯೊಂದೇ. ಹಳೇ ಎಕ್ಸ್‌ರೇಗಳನ್ನೂ ಜೊತೆಗೆ ತೆಗೆದುಕೊಂಡು ಹೋಗಿ.