ಅಂಗಡಿಯಲ್ಲ, ಕ್ಷೇತ್ರ ವಿಂಗಡಣೆ ಗೆಲ್ಲಿಸಿತು
ಅಮೆರಿಕದ ಸಲಿಂಗಿ ರಾಜಕಾರಣಿ ಹಾರ್ವೆ ಮಿಲ್ಕ್ ಸ್ಯಾನ್ ಫ್ರಾನ್ಸಿಸ್ಕೊ ನಗರಸಭೆಗೆ ಗೆದ್ದದ್ದು ಅವರ ಕ್ಯಾಮೆರಾ ಅಂಗಡಿಯ ಜನಪ್ರಿಯತೆಯಿಂದ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಅದೇ ಅಂಗಡಿ 1973, 1975ರಲ್ಲೂ ಇತ್ತಲ್ಲ ಸರ್, ಎರಡು ಸಲವೂ ಸೋತರು. ಆಗ ಸ್ಯಾನ್ ಫ್ರಾನ್ಸಿಸ್ಕೊ ಇಡೀ ಊರೇ ಒಂದು ಕ್ಷೇತ್ರ. ಅಂಗಡಿಯಿದ್ದ ಕ್ಯಾಸ್ಟ್ರೊ ಬೀದಿಯವರ ಮತ ಊರಗಲದ ಲೆಕ್ಕದಲ್ಲಿ ಕರಗಿಹೋಗುತ್ತಿತ್ತು. 1975ರಲ್ಲಿ ಇದ್ದ ಆರು ಸ್ಥಾನಕ್ಕೆ ಇವರು ಏಳನೆಯವರು! 1976ರ ಜನಮತದಲ್ಲಿ ನಮ್ಮ ವಾರ್ಡುಗಳ ಹಾಗೆ 11 ಕ್ಷೇತ್ರಗಳಾದವು. ಮರುವರ್ಷ 5ನೇ ಕ್ಷೇತ್ರದಲ್ಲಿ ಅಭ್ಯರ್ಥಿಗಳು ಹೆಚ್ಚಿದ್ದರಿಂದ ಶೇ 30ರಷ್ಟು ಮತವೇ ಸಾಕಾಯಿತು.

ನಾಯಿ ಹೇಸಿಗೆಯನ್ನು ಸಾಕಿದವರೇ ಎತ್ತಬೇಕೆಂದು ಮಿಲ್ಕ್ ತಂದ ನಿಯಮವನ್ನು ತಮಾಷೆ ಅಂದುಬಿಟ್ಟಿರಿ. ಡ್ಯೂಬೋಸ್ ಪಾರ್ಕಿನಲ್ಲಿ ಟಿವಿಯವರೆದುರು ಬೇಕೆಂದೇ ಅದನ್ನು ತುಳಿದು ತೋರಿಸಿದವರು ಅವರು. ಮತದಾರರ ನಾಡಿ ಗೊತ್ತಿತ್ತು. ಅಧಿಕಾರ ಸಿಕ್ಕಿದ್ದೋ ಹನ್ನೊಂದು ತಿಂಗಳೂ ಇಲ್ಲ: 1978ರ ಜನವರಿಯಿಂದ, ನಗರಸಭೆಯ ಮಾಜಿ ಸಹಸದಸ್ಯ ಡ್ಯಾನ್ ವೈಟ್ ಅವರನ್ನು ಗುಂಡಿಟ್ಟು ಕೊಂದ ನವೆಂಬರ್ 27ರವರೆಗೆ.