ಚೆಸ್ ಆಟ ಮುಗಿದ ಕೂಡಲೇ ಎಂಜಿನ್ ತೆರೆಯಬೇಕಾ?

ಪರ

ಸೋತವನಿಗೆ ಎಲ್ಲಿ ಸೋತೆ ಅನ್ನುವುದೇ ಗೊತ್ತಿರುವುದಿಲ್ಲ. ಹೋದ ತಿಂಗಳು ಒಂದು ಆಟದ 41ನೇ ನಡೆಯಲ್ಲಿ ಸೋಲೊಪ್ಪಿಕೊಂಡೆ. ಕೊನೆಯಲ್ಲಿ ಆನೆಯನ್ನು ತಪ್ಪು ಮನೆಗೆ ಇಟ್ಟಿದ್ದಕ್ಕೇ ಹೋಯಿತು ಅಂತ ಎರಡು ದಿನ ಕೈ ಹಿಸುಕಿಕೊಂಡೆ. ಸ್ಟಾಕ್‌ಫಿಶ್ ಅನ್ನುವ ಎಂಜಿನ್‌ಗೆ, ಅಂದರೆ ಚೆಸ್ ನಡೆಗಳನ್ನು ಲೆಕ್ಕ ಹಾಕುವ ಪ್ರೋಗ್ರಾಮಿಗೆ, ಹಾಕಿ ನೋಡಿದರೆ ಆಟ ಕೆಟ್ಟಿದ್ದು 19ನೇ ನಡೆಯಲ್ಲಿ! ಮೈಮೇಲೆ ಬರುತ್ತಿದ್ದ ಕುದುರೆಗೆ ಹೆದರಿ, ನನ್ನ ಒಳ್ಳೆಯ ಒಂಟೆಯನ್ನು ಕೊಟ್ಟು ಅದನ್ನು ಹೊಡೆದಿದ್ದೆ. ಆಮೇಲಿನದೆಲ್ಲ ಸುಮ್ನೆ ಎಳೆದಾಟ. ಹಳೆಯ ಆಟಗಳನ್ನು ತೆಗೆದೆ. ಇನ್ನೆರಡರಲ್ಲೂ ಅದೇ ಹೆದರಿಕೆ, ಅದೇ ಒಂಟೆ. ಹತ್ತು ವರ್ಷದಿಂದ ನನ್ನ ಜೊತೆ ಆಡುವ ಗೆಳೆಯರು ಇದನ್ನು ಹೇಳಿರಲಿಲ್ಲ. ಅವರಿಗೇನು, ಗೆಲ್ಲುತ್ತಿದ್ದರಲ್ಲ.

ಕೋಚ್ ಹತ್ತಿರ ಹೋಗಿ ಅನ್ನುತ್ತಾರೆ. ಬೆಂಗಳೂರು, ಮೈಸೂರಿನವರಿಗೆ ಸರಿ. ಹೋಬಳಿಯೊಂದರ ಹುಡುಗಿ ಎಲ್ಲಿಗೆ ಹೋಗಬೇಕು? 1997ರಲ್ಲಿ ವಿಶ್ವ ಚಾಂಪಿಯನ್ ಕಾಸ್ಪರೋವ್‌ರನ್ನು ಸೋಲಿಸಲು ಐಬಿಎಂಗೆ ಬೀರುವಿನಷ್ಟು ದೊಡ್ಡ ಯಂತ್ರ ಬೇಕಾಗಿತ್ತು. ಅದಕ್ಕಿಂತ ಚೆನ್ನಾಗಿ ಆಡುವ ಸ್ಟಾಕ್‌ಫಿಶ್ ಇವತ್ತು ಅವಳ ಅಪ್ಪನ ಫೋನಿನಲ್ಲೇ ಓಡುತ್ತದೆ, ಒಂದು ರೂಪಾಯಿ ಖರ್ಚಿಲ್ಲ. ಬೈಯುವುದಿಲ್ಲ, ನಗುವುದಿಲ್ಲ, ರಾತ್ರಿ ಹನ್ನೊಂದಕ್ಕೂ ಎದ್ದಿರುತ್ತದೆ.

ದೊಡ್ಡ ಆಟಗಾರರೂ ಯಂತ್ರದಿಂದ ಕಲಿತಿದ್ದಾರೆ. 2017ರಲ್ಲಿ ಆಲ್ಫಾಝೀರೋ ಅನ್ನುವ ಚೆಸ್ ಪ್ರೋಗ್ರಾಂ ಅಂಚಿನ ಎಚ್ ಸಾಲಿನ ಕಾಲಾಳನ್ನು ಎದುರಾಳಿ ರಾಜನ ಬಾಗಿಲವರೆಗೂ ತಳ್ಳಿ ತಳ್ಳಿ ಗೆದ್ದಿತು. ಆಮೇಲೆ ಗ್ರ್ಯಾಂಡ್‌ಮಾಸ್ಟರ್‌ಗಳೂ ಧೈರ್ಯವಾಗಿ ಅದನ್ನು ತಳ್ಳತೊಡಗಿದರು. ಅವರಿಗೆ ನಾಚಿಕೆ ಇಲ್ಲದ್ದು ನಮಗ್ಯಾಕೆ?

ವಿರೋಧ

ನಾನು ಮಕ್ಕಳಿಗೆ ಚೆಸ್ ಹೇಳಿಕೊಡುತ್ತೇನೆ. ಕೋಚ್ ಆದ್ದರಿಂದ ಹೊಟ್ಟೆಪಾಡಿಗೆ ಹೀಗೆ ಹೇಳುತ್ತಾನೆ ಅಂದುಕೊಳ್ಳುವವರು ಅಂದುಕೊಳ್ಳಲಿ.

ಒಬ್ಬ ಹುಡುಗ ರುಯ್ ಲೋಪೆಜ್ ಅನ್ನುವ ಓಪನಿಂಗ್‌ನಲ್ಲಿ (ಆಟದ ಆರಂಭದ ನಡೆಗಳ ಕ್ರಮ) ಕಪ್ಪು ಕಾಯಿ ಹಿಡಿದು ಆಡುತ್ತಿದ್ದ. ಒಂಬತ್ತನೇ ನಡೆಗೆ ಕುದುರೆಯನ್ನು ವಾಪಸ್ ಬಿ8 ಮನೆಗೇ ತಂದಿಟ್ಟ. ಎರಡನೇ ನಡೆಯಲ್ಲಿ ಹೊರಟಿದ್ದ ಕುದುರೆ ಅದು! ತಪ್ಪಲ್ಲ, ಬ್ರೇಯರ್ ಪದ್ಧತಿ, ನೂರಾರು ದೊಡ್ಡ ಆಟಗಳಲ್ಲಿ ಬಂದಿದೆ. ಯಾಕಪ್ಪಾ ಅಂತ ಕೇಳಿದೆ. "ಎಂಜಿನ್ ಹೇಳ್ತು ಸಾರ್." ಕುದುರೆ ಡಿ7ಕ್ಕೆ ಹೋಗಬೇಕು, ಒಂಟೆಗೆ ಬಿ7 ಬೇಕು, ಸಿ ಕಾಲಾಳಿಗೆ ದಾರಿ ಬಿಡಬೇಕು. ಇದ್ಯಾವುದೂ ಅವನಿಗೆ ಗೊತ್ತಿರಲಿಲ್ಲ. ಎದುರಾಳಿ ಪುಸ್ತಕದಲ್ಲಿಲ್ಲದ ನಡೆ ಆಡಿದ ಕೂಡಲೇ ಹುಡುಗ ಚಾವಣಿ ನೋಡತೊಡಗಿದ. ಎಂಜಿನ್ ಉತ್ತರ ಹೇಳುತ್ತದೆ, ಲೆಕ್ಕ ಮಾಡಿ ತೋರಿಸುವುದಿಲ್ಲ. ಮಗ್ಗಿ ಬಾರದವನ ಕೈಗೆ ಕ್ಯಾಲ್ಕುಲೇಟರ್ ಕೊಟ್ಟ ಹಾಗೆ.

ಅದರ ಜೊತೆ ಆಡುವುದೂ ಅಷ್ಟಕ್ಕಷ್ಟೇ. ಸುಲಭದ ಹಂತಕ್ಕೆ ಇಳಿಸಿದರೆ ಹತ್ತು ನಡೆ ವಿಶ್ವನಾಥನ್ ಆನಂದ್ ಥರ ಆಡಿ, ಹನ್ನೊಂದನೆಯದಕ್ಕೆ ಮಂತ್ರಿಯನ್ನು ಸುಮ್ನೆ ಕೊಟ್ಟುಬಿಡುತ್ತದೆ. ಮನುಷ್ಯರು ಹಾಗೆ ತಪ್ಪುವುದಿಲ್ಲ. ಪರವಾಗಿ ಬರೆದ ಗೆಳೆಯರು ಹೇಳಿದಂತೆ ಕುದುರೆಗೆ ಹೆದರಿ ತಪ್ಪುತ್ತಾರೆ. ಆ ಹೆದರಿಕೆ ಗೆಳೆಯರಿಗೆ ಕಂಡದ್ದು ಎಂಜಿನ್‌ನಿಂದ ಅಲ್ಲ, ಹಳೆಯ ಆಟಗಳನ್ನು ತೆಗೆದು ತಾವೇ ಹುಡುಕಿದ್ದರಿಂದ. ಎಂಜಿನ್ ತೆರೆಯುವ ಮುಂಚೆ ಆ ಎರಡು ದಿನ ಕೈ ಹಿಸುಕಿಕೊಂಡರಲ್ಲ, ಅದೂ ಪಾಠವೇ. ನನ್ನ ಹುಡುಗರು ಎರಡು ನಿಮಿಷ ಕೂಡ ಹಿಸುಕಿಕೊಳ್ಳುವುದಿಲ್ಲ.

ಗುಕೇಶ್‌ಗೆ ಶುರುವಿನ ವರ್ಷಗಳಲ್ಲಿ ಕೋಚ್ ವಿಷ್ಣು ಪ್ರಸನ್ನ ಎಂಜಿನ್ ಮುಟ್ಟಲು ಬಿಟ್ಟಿರಲಿಲ್ಲ. 2024ರ ಡಿಸೆಂಬರ್ 12, ಸಿಂಗಪುರ. ವಿಶ್ವ ಚಾಂಪಿಯನ್‌ಶಿಪ್‌ನ 14ನೇ ಆಟ ಡ್ರಾ ಆಗುವ ಹಾಗಿತ್ತು. 55ನೇ ನಡೆಯಲ್ಲಿ ಬಿಳಿ ಕಾಯಿ ಹಿಡಿದಿದ್ದ ಎದುರಾಳಿ ಡಿಂಗ್ ಲಿರೆನ್ ಆನೆಯನ್ನು ಎಫ್2ಗೆ ಇಟ್ಟರು. ಮನೆಯಲ್ಲಿ ಕೂತ ನಮಗೆಲ್ಲ ಪರದೆಯ ಪಕ್ಕದಲ್ಲಿ ಯಾರು ಮುಂದಿದ್ದಾರೆ ಅಂತ ಎಂಜಿನ್ ತೋರಿಸುವ ಪಟ್ಟಿ ಜಿಗಿದು ತಕ್ಷಣ ಗೊತ್ತಾಯಿತು. ಗೊತ್ತಾಗಿದ್ದು ತಪ್ಪು ಆಯಿತು ಅಂತ ಮಾತ್ರ, ಯಾಕೆ ಅಂತ ಅಲ್ಲ. ಗುಕೇಶ್ ಎದುರು ಪಟ್ಟಿ ಇರಲಿಲ್ಲ. ಆನೆಗಳನ್ನು ಬದಲಿಸಿಕೊಂಡು, ಒಂಟೆಯನ್ನು ಡಿ5ಗೆ ತಂದರೆ ಮೂಲೆಯಲ್ಲಿರುವ ಬಿಳಿ ಒಂಟೆಗೆ ಬೇರೆ ದಾರಿಯೇ ಇಲ್ಲ, ಉಳಿಯುವುದು ರಾಜ ಮತ್ತು ಕಾಲಾಳುಗಳು, ತನಗೊಂದು ಕಾಲಾಳು ಜಾಸ್ತಿ. ಇಷ್ಟನ್ನೂ ಹದಿನೆಂಟರ ಹುಡುಗ ಸುಸ್ತಾದ ತಲೆಯಲ್ಲೇ ನೋಡಬೇಕಿತ್ತು. ನೋಡಿದ.